ಜಿಸಿಸಿ ಬಿಲ್ಡ್ ಮಾಡಲು ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ: ಎಲ್ಲಿಂದ ತರೋದು?

ಸಿ, ಸಿ++ ಥರದ ಭಾಷೆಗಳ ಕಂಪೈಲರ್ ಆದ ಜಿಸಿಸಿಯನ್ನು ಸೋರ್ಸ್‌ನಿಂದ ಬಿಲ್ಡ್ ಮಾಡಲು ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ ಎಂಬ ಮೂರು ಗಣಿತದ ಲೈಬ್ರರಿ ಬೇಕೇ ಬೇಕು. ಲೂಪ್ ಆಪ್ಟಿಮೈಸೇಶನ್‌ಗೆ ಬಳಸುವ ಐಎಸ್‌ಎಲ್ ಲೈಬ್ರರಿ ಇಲ್ಲದಿದ್ದರೂ ನಡೆಯುತ್ತದೆ.

ನಿಮ್ಮದೇ ಲ್ಯಾಪ್‌ಟಾಪ್ ಆದರೆ ಲಿನಕ್ಸ್ ಡಿಸ್ಟ್ರೋ ಕೊಡುವ ಪ್ಯಾಕೇಜ್ ಸಾಕು, ಕ್ಷಣದಲ್ಲಿ ಮುಗಿಯುತ್ತದೆ. ಉಬುಂಟುವಿನಲ್ಲಿ ಲಿಬ್‌ಜಿಎಂಪಿ-ಡೆವ್ ಥರ ‘-ಡೆವ್’ ಇರುವುದನ್ನೇ ಹಾಕಿ. ಇಲ್ಲದಿದ್ದರೆ ಹೆಡರ್ ಫೈಲ್ ಸಿಗದೆ ಬಿಲ್ಡ್‌ಗೆ ಮುಂಚಿನ ಕಾನ್ಫಿಗರ್ ಹಂತ ಅಲ್ಲೇ ನಿಲ್ಲುತ್ತದೆ. ಆದರೆ ರೂಟ್ (ಅಡ್ಮಿನ್) ಅನುಮತಿ ಬೇಕು.

ಕಾಲೇಜಿನ ಸರ್ವರ್‌ನಲ್ಲಿ ಅದನ್ನು ಯಾರು ಕೊಡುತ್ತಾರೆ, ಅಲ್ವಾ? ಅಲ್ಲಿ ಸೋರ್ಸ್‌ನ ಕಾಂಟ್ರಿಬ್ ಫೋಲ್ಡರ್‌ನಲ್ಲಿರುವ ‘ಡೌನ್‌ಲೋಡ್_ಪ್ರಿರಿಕ್ವಿಸಿಟ್ಸ್’ ಸ್ಕ್ರಿಪ್ಟ್ ಓಡಿಸಿ. ಹೊಂದುವ ಆವೃತ್ತಿಗಳನ್ನೇ ತರುತ್ತದೆ, ಜಿಸಿಸಿ ಜೊತೆಗೇ ಬಿಲ್ಡ್ ಆಗುತ್ತವೆ. ನೆಟ್ ಬೇಕು, ಸಮಯವೂ ಸ್ವಲ್ಪ ಜಾಸ್ತಿ.

ಈ ಲೈಬ್ರರಿಗಳನ್ನು ಬೇರೆಯಾಗಿ ಬಿಲ್ಡ್ ಮಾಡಿಟ್ಟುಕೊಳ್ಳುವುದು ಹಲವು ಜಿಸಿಸಿ ಆವೃತ್ತಿ ಇಟ್ಟುಕೊಳ್ಳುವವರಿಗೆ ಮಾತ್ರ. ಲೈಬ್ರರಿ ಎಲ್ಲಿದೆ ಎಂದು ಹೇಳುವ ಎಲ್‌ಡಿ_ಲೈಬ್ರರಿ_ಪಾತ್ ವೇರಿಯಬಲ್ ಸೆಟ್ ಮಾಡಲು ಮರೆತರೆ ‘ಲಿಬ್‌ಎಂಪಿಸಿ.ಎಸ್‌ಒ.3 ಇಲ್ಲ’ ಅನ್ನುವ ಎರರ್ ಕಾದಿರುತ್ತದೆ. ಸುಮ್ನೆ ಆ ದಾರಿ ಹಿಡಿಯಬೇಡಿ.