ಚೆಕ್-ಇನ್: ಮೊಬೈಲ್, ಕಿಯಾಸ್ಕ್, ಕೌಂಟರ್, ಯಾರಿಗೆ ಯಾವುದು?

ವಿಮಾನ ಪ್ರಯಾಣದ ಚೆಕ್-ಇನ್‌ಗೆ ಮೊಬೈಲ್, ಕಿಯಾಸ್ಕ್ (ನಿಲ್ದಾಣದಲ್ಲಿ ನಾವೇ ಬಳಸುವ ಯಂತ್ರ), ಸಿಬ್ಬಂದಿಯ ಕೌಂಟರ್, ಈ ಮೂರರಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ನಿಮ್ಮ ಕೈಯಲ್ಲಿ ಎಷ್ಟು ಲಗೇಜ್ ಇದೆ ಅನ್ನೋದನ್ನ ಮೊದಲು ನೋಡಿಕೊಳ್ಳಿ.

ಬರೀ ಕೈಚೀಲ ಇದ್ದರೆ ಮೊಬೈಲ್ ಸಾಕು. ಸಾಮಾನ್ಯವಾಗಿ 24 ಅಥವಾ 48 ಗಂಟೆ ಮೊದಲೇ ಚೆಕ್-ಇನ್ ತೆರೆಯುತ್ತದೆ. ನೇರವಾಗಿ ಭದ್ರತಾ ತಪಾಸಣೆಗೆ ಹೋಗಬಹುದು. ದೊಡ್ಡ ಬ್ಯಾಗ್ ಇದ್ದರೆ ಅದನ್ನು ಒಪ್ಪಿಸಲು ಹೇಗೂ ಸಾಲಲ್ಲಿ ನಿಲ್ಲಬೇಕು, ಅಲ್ವಾ? ಆಗ ಬ್ಯಾಗ್ ಟ್ಯಾಗನ್ನೂ ಮುದ್ರಿಸಿ ಕೊಡುವ ಕಿಯಾಸ್ಕ್ ಹೆಚ್ಚು ಉಪಯೋಗ. ಫೋನ್ ಚಾರ್ಜ್ ಮುಗಿಯುವ ಭಯವೂ ಇಲ್ಲ.

ಖರ್ಚಿನ ಮಾತು: ಕೆಲವು ಅಗ್ಗದ ವಿಮಾನ ಸಂಸ್ಥೆಗಳು ಕೌಂಟರ್‌ನಲ್ಲಿ ಚೆಕ್-ಇನ್ ಮಾಡಿದರೆ ಶುಲ್ಕ ಹಾಕುತ್ತವೆ. ಟಿಕೆಟ್ ನಿಯಮ ಓದಿಕೊಳ್ಳಿ.

ಆದರೆ ಏನಾದರೂ ಎಡವಟ್ಟಾದರೆ ಕೌಂಟರ್‌ಗೆ ಸಾಟಿಯಿಲ್ಲ. ಹೆಸರಿನಲ್ಲಿ ಅಕ್ಷರ ತಪ್ಪಿದೆ, ವೀಸಾ ತೋರಿಸಬೇಕು, ಗಾಲಿಕುರ್ಚಿ ಬೇಕು, ಮಗು ಒಂಟಿಯಾಗಿ ಹೊರಟಿದೆ. ಇಂಥ ಕಡೆ ಪರದೆ ಸುಮ್ನೆ "ಸಿಬ್ಬಂದಿಯನ್ನು ಕಾಣಿ" ಅನ್ನುತ್ತದೆ. ವಯಸ್ಸಾದವರನ್ನು ಯಂತ್ರದ ಮುಂದೆ ಒಬ್ಬರೇ ಬಿಡುವುದು ನನಗಂತೂ ಸರಿ ಕಾಣುವುದಿಲ್ಲ.

ಹೀಗೆ ನಾವೇ ಚೆಕ್-ಇನ್ ಮಾಡಿಕೊಳ್ಳುವುದು ಹೊಸ ಆವಿಷ್ಕಾರವೇ ಅಂತಲೂ ಕೇಳಿದ್ದೀರಿ. ಕಿಯಾಸ್ಕ್ ಮಟ್ಟಿಗೆ ಅರ್ಧ ಮಾತ್ರ ಹೌದು ಅನ್ನುತ್ತೇನೆ. ಸಿಬ್ಬಂದಿ ಮಾಡುತ್ತಿದ್ದ ಟೈಪಿಂಗ್ ಕೆಲಸ ನಮ್ಮ ಕೈಗೆ ಬಂತು, ಅಷ್ಟೇ. ವೆಬ್ ಚೆಕ್-ಇನ್ ಕೂಡ ಹಳೆಯದೇ, ಅಲಾಸ್ಕಾ ಏರ್‌ಲೈನ್ಸ್ 1999ರಲ್ಲೇ ಕೊಟ್ಟಿತ್ತು. ನನ್ನ ಕಣ್ಣಿಗೆ ನಿಜವಾದ ಬದಲಾವಣೆ ಇ-ಟಿಕೆಟ್. ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಟಿಎ ವ್ಯವಸ್ಥೆಯಲ್ಲಿ 2008ರ ಜೂನ್ 1ರಿಂದ ಕಾಗದದ ಟಿಕೆಟ್ ನಿಂತಿತು. ಟಿಕೆಟ್ ಕಂಪ್ಯೂಟರ್‌ನಲ್ಲೇ ಇದ್ದಿದ್ದರಿಂದ ತಾನೇ ಮೊಬೈಲ್ ಚೆಕ್-ಇನ್ ಇಷ್ಟು ಸುಲಭವಾಗಿದ್ದು?