ಸುಗ್ಗಿ ಗದ್ದೆಗೆ ಆಟೋಮ್ಯಾಟಿಕ್ ಪಂಪೋ, ತೂತಿನ ಪೈಪೋ?

ಮಂಜೇಶ್ವರ, ಕುಂಬಳೆ ಕಡೆ ಏಣೆಲು, ಅಂದರೆ ಮಳೆಗಾಲದ ಮೊದಲ ಭತ್ತದ ಬೆಳೆ, ಮಳೆ ನೀರಲ್ಲೇ ಆಗುತ್ತದೆ. ಹಾಗಾಗಿ ಆಟೋಮ್ಯಾಟಿಕ್ ಪಂಪಿನ ಸೆನ್ಸರ್, ವಾಲ್ವ್‌ಗೆ ಹಾಕಿದ ದುಡ್ಡು ಆಮೇಲಿನ ಎರಡು ಬೆಳೆಗಳಾದ ಸುಗ್ಗಿ, ಕೊಳಕೆಯಲ್ಲೇ ಹುಟ್ಟಬೇಕು. ಅರ್ಧ ಎಕರೆಯವರಿಗೆ ಕಷ್ಟ ಅಲ್ವಾ?

ಅವರಿಗೆ ತೂತಿನ ಪಿವಿಸಿ ಪೈಪೇ ಸರಿ. 30 ಸೆಂ.ಮೀ. ತುಂಡಿನ ಕೆಳಗಿನ ಅರ್ಧಕ್ಕೆ ತೂತು ಕೊರೆದು, ಅಷ್ಟನ್ನು ಗದ್ದೆಯಲ್ಲಿ ಹೂತು, ಒಳಗಿನ ಮಣ್ಣು ತೆಗೆದುಬಿಟ್ಟರೆ ನೀರು ಎಷ್ಟು ಇಳಿದಿದೆ ಎಂದು ಕಣ್ಣಿಗೇ ಕಾಣುತ್ತದೆ; ಗದ್ದೆಯ ಮಣ್ಣಿನ ಮಟ್ಟದಿಂದ 15 ಸೆಂ.ಮೀ. ಕೆಳಗೆ ಹೋದ ಮೇಲೆ ಪಂಪ್ ಹಾಕಿದರೆ ಸಾಕು. ನೀರಿನ ಖರ್ಚಲ್ಲಿ ಶೇ. 30ರವರೆಗೂ ಉಳಿಯಬಹುದು. ಹೂ ಬಿಡುವಾಗ ಮಾತ್ರ ಗದ್ದೆ ಒಣಗಿಸಲೇಬೇಡಿ.

ಆಟೋಮ್ಯಾಟಿಕ್‌ನಲ್ಲಿ ಜಾಸ್ತಿ ಉಳಿಯುವುದು ಆಳಿನ ಕೂಲಿ, ರಾತ್ರಿಯ ಓಡಾಟ. ಗದ್ದೆ ಮನೆಯಿಂದ ದೂರ ಇದ್ದು, ಅದೇ ಪಂಪಿನ ಲೈನ್ ಅಡಿಕೆ ತೋಟಕ್ಕೂ ಹೋಗುತ್ತಿದ್ದರೆ ಧೈರ್ಯವಾಗಿ ಹಾಕಿಸಿ.