ಮಧುಮೇಹಿಗಳ ಪಾದದ ಹುಣ್ಣಿಗೆ ಪಿಡಿಜಿಎಫ್ ಸೂಕ್ತವೋ, ಇಜಿಎಫ್ ಸೂಕ್ತವೋ?

ಪಿಡಿಜಿಎಫ್ (ಪ್ಲೇಟ್‌ಲೆಟ್ ಮೂಲದ ಬೆಳವಣಿಗೆ ಅಂಶ), ಇಜಿಎಫ್ (ಮೇಲ್ಚರ್ಮದ ಬೆಳವಣಿಗೆ ಅಂಶ) ಎರಡೂ ಕೋಶಗಳನ್ನು ಬೆಳೆಯಲು ಪ್ರೇರೇಪಿಸುವ ಪ್ರೋಟೀನ್‌ಗಳು; ಕೋಶದ ಮೇಲ್ಮೈಯಲ್ಲಿ ಸಂಕೇತ ಹಿಡಿಯುವ ಗ್ರಾಹಕಕ್ಕೆ (ರಿಸೆಪ್ಟರ್) ಅಂಟಿಕೊಂಡು, ಕೋಶದ ಗ್ಲೂಕೋಸ್ ಬಳಕೆಯನ್ನೂ ಪ್ರೋಟೀನ್ ತಯಾರಿಕೆಯನ್ನೂ ಹೆಚ್ಚಿಸುತ್ತವೆ. ಆದರೆ ಅವು ಮುಖ್ಯವಾಗಿ ಎಚ್ಚರಿಸುವ ಕೋಶಗಳು ಬೇರೆ ಬೇರೆ. ಪಿಡಿಜಿಎಫ್ ಅಂಗಾಂಶದ ನಾರುಗಳನ್ನು ತಯಾರಿಸುವ ಫೈಬ್ರೋಬ್ಲಾಸ್ಟ್‌ಗಳನ್ನು ಗಾಯದೊಳಕ್ಕೆ ಸೆಳೆದು, ಹುಣ್ಣಿನ ತಳದಲ್ಲಿ ಕೆಂಪಗೆ, ಹರಳು ಹರಳಾಗಿ ಕಾಣುವ ಹೊಸ ಅಂಗಾಂಶವನ್ನು ತುಂಬಿಸುವುದರಿಂದ, ಆಳವಾದ ಹುಣ್ಣಿಗೆ ನನ್ನ ಒಲವು ಅದರ ಕಡೆಗೇ. 1997ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇದರ 0.01% ಜೆಲ್ ಅನ್ನು ದಿನಕ್ಕೊಮ್ಮೆ ತೆಳುವಾಗಿ ಹಚ್ಚಿ, ಸುಮಾರು 12 ಗಂಟೆಗಳ ನಂತರ ತೊಳೆಯಬೇಕು, ಟ್ಯೂಬನ್ನು ಫ್ರಿಜ್ಜಿನಲ್ಲಿಡಬೇಕು. ಇಜಿಎಫ್ ಮೇಲ್ಚರ್ಮದ ಕೋಶಗಳಾದ ಕೆರಟಿನೊಸೈಟ್‌ಗಳನ್ನು ಅಂಚಿನಿಂದ ಒಳಕ್ಕೆ ಸರಿಸುತ್ತದೆಯಾದ್ದರಿಂದ, ತಳ ತುಂಬಿ ಮೇಲ್ಚರ್ಮವಷ್ಟೇ ಮುಚ್ಚಬೇಕಾದಲ್ಲಿ ಅದರ ಜೆಲ್ ಹೊಂದುತ್ತದೆ (ಕ್ಯೂಬಾದ ವೈದ್ಯರು ಆಳದ ಹುಣ್ಣಿಗೂ ಇದನ್ನೇ ಸೂಜಿಯಿಂದ ಗಾಯದೊಳಗೆ ಕೊಡುವುದುಂಟು). ಕಾಲಿಗೆ ರಕ್ತ ಸರಿಯಾಗಿ ಹರಿಯದಿದ್ದರೆ, ಸತ್ತ ಅಂಗಾಂಶವನ್ನು ಕತ್ತರಿಸಿ ತೆಗೆಯದಿದ್ದರೆ ಎರಡೂ ದುಬಾರಿ ದಂಡವೇ. ಹಚ್ಚುವ ಜಾಗದಲ್ಲಿ ಕ್ಯಾನ್ಸರ್ ಇದ್ದವರಿಗಂತೂ ಪಿಡಿಜಿಎಫ್ ಜೆಲ್ ನಿಷಿದ್ಧ.